ಮುನ್ನಿಬೀ ತಂದ ಗಾಜಿನ ತೊಟ್ಟಿ

ಶಹಾಪುರದ ಹಳೆ ಪೇಟೆಯ ಓಣಿಯಲ್ಲಿ ಸುಲ್ತಾನಸಾಬನ ಅಂಗಡಿ ಯಾವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಬಾಗಿಲಿನ ಎರಡೂ ಬದಿಗೆ ಒರಗಿಸಿಟ್ಟ ಕನ್ನಡಿಗಳಲ್ಲಿ ಇಡೀ ಓಣಿಯೇ ತುಂಡು ತುಂಡಾಗಿ ಕಾಣುತ್ತಿತ್ತು. ಕಾಲೇಜಿಗೆ ಹೊರಟ ಹುಡುಗಿಯರು ಅಲ್ಲಿ ಒಂದು ಗಳಿಗೆ ನಿಂತು ಹೆರಳು ಸರಿಮಾಡಿಕೊಳ್ಳುತ್ತಿದ್ದರು. ಸಂತೆಯ ದಿನ ಬಂದ ಎತ್ತುಗಳು ತಮ್ಮ ಮುಖವನ್ನೇ ಕಂಡು ಬೆದರಿ ಪಕ್ಕಕ್ಕೆ ಸರಿಯುತ್ತಿದ್ದವು. ಒಳಗೆ ಗೋಡೆಯ ತುಂಬ ಪಟಗಳು. ಲಕ್ಷ್ಮಿಯ ಪಕ್ಕದಲ್ಲಿ ಬುದ್ಧ, ಬುದ್ಧನ ಪಕ್ಕದಲ್ಲಿ ಮಕ್ಕಾ ಮದೀನಾ, ಅದರ ಕೆಳಗೆ ಯಾರದೋ ಮದುವೆ, ಯಾರದೋ ಸತ್ತ ತಾತ. ಎಲ್ಲರಿಗೂ ಅದೇ ಗಾಜು, ಅದೇ ಮೊಳೆ.

ಸುಲ್ತಾನಸಾಬ ಹುಟ್ಟಿನಿಂದ ಗಾಜಿನ ಮನೆತನದವನಲ್ಲ. ಅಪ್ಪ ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ಹಮಾಲನಾಗಿದ್ದ. ಶಾಲೆ ಬಿಟ್ಟ ಮಗನನ್ನು ಸ್ಟೇಶನ್ ರಸ್ತೆಯ ಫ್ರೇಮಿನ ಅಂಗಡಿಯೊಂದಕ್ಕೆ ಕರೆತಂದು ಬಿಟ್ಟಿದ್ದ. ಅಲ್ಲಿಯ ಉಸ್ತಾದ ಬಹಳ ದಿನ ಅವನಿಗೆ ಗಾಜು ಮುಟ್ಟಗೊಡಲಿಲ್ಲ. ಒರೆಸು, ಹೊರು, ಕಸ ಹೊಡಿ, ಅಷ್ಟೇ. ಕಡೆಗೊಂದು ದಿನ ತನ್ನ ಹೀರಾ ಕಲಮನ್ನು ಅವನ ಕೈಗೆ ಕೊಟ್ಟ. ತುದಿಗೆ ವಜ್ರದ ಚೂರು ಕೂಡಿಸಿದ, ಪೆನ್ನಿನಂತೆ ಹಿಡಿದು ಗಾಜು ಕೊಯ್ಯುವ ಆ ಸಾಮಾನು ಹುಡುಗನ ಕೈಗೆ ಹೇಗೆ ಒಗ್ಗಿಕೊಂಡಿತೆಂದರೆ, ಸ್ವಲ್ಪ ಕಾಲದಲ್ಲೇ ಉಸ್ತಾದ ದೊಡ್ಡ ದೊಡ್ಡ ಕನ್ನಡಿಗಳನ್ನೆಲ್ಲ ಅವನ ಮುಂದೆ ಇಡತೊಡಗಿದ. ತಾನು ಬೀಡಿ ಹಚ್ಚಿ ಕುಳಿತು ನೋಡುತ್ತಿದ್ದ.

ಮದುವೆಯಾದ ವರ್ಷ ಸುಲ್ತಾನಸಾಬ ಶಹಾಪುರಕ್ಕೆ ಬಂದು ಸ್ವಂತ ಅಂಗಡಿ ಹಾಕಿದ. ಹೆಂಡತಿ ಮುನ್ನಿಬೀ ಶಿರವಾಳದವಳು. ಆ ಊರಲ್ಲಿ ಮುಸಲ್ಮಾನರ ಮನೆಗಳು ಕೆಲವೇ. ಹಳೆಯ ಗುಡಿಗಳ ಕಲ್ಲುಕಂಬಗಳ ನಡುವೆ ಆಡಿ ಬೆಳೆದ ಅವಳ ಬಾಯಿಗೆ ಕನ್ನಡವೇ ಮೊದಲು ಬರುತ್ತಿತ್ತು. ಹೀಗಾಗಿ ಅವರ ಮನೆಯಲ್ಲಿ ಕೆಲಸ, ಚೇಷ್ಟೆ, ಊಟ ಉಪಚಾರ ಎಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಜಗಳ ಮಾತ್ರ ದಖ್ಖನಿ ಉರ್ದುವಿನಲ್ಲಿ.

ದೊಡ್ಡ ಗಾಜು ಒಬ್ಬನಿಂದ ಎತ್ತಲಾಗುವುದಿಲ್ಲ. ಇನ್ನೊಂದು ತುದಿಯನ್ನು ಮುನ್ನಿಬೀ ಹಿಡಿಯುತ್ತಿದ್ದಳು. ಗಾಜು ಹಿಡಿದು ನಡೆಯುವಾಗ ಇಬ್ಬರ ಹೆಜ್ಜೆಯೂ ಒಂದೇ ಆಗಬೇಕು, ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲಬೇಕು. ಅವಳು ಅದನ್ನು ಹೇಳಿಸಿಕೊಳ್ಳದೆಯೇ ಕಲಿತಳು. ಮಗಳು ಗುಡ್ಡಿ ಹೊಟ್ಟೆಯಲ್ಲಿದ್ದಾಗಲೂ ಹಿಡಿದಳು, ಗುಡ್ಡಿಯನ್ನು ಸುರಪುರಕ್ಕೆ ಮದುವೆ ಮಾಡಿ ಕೊಟ್ಟ ಮೇಲೂ ಹಿಡಿದಳು. ಆದರೆ ಕಲಮು ಹಿಡಿಯುವ ಕೈ ಸುಲ್ತಾನಸಾಬನದೇ. ಅದು ಬೇರೆ ಥರ ಇರಬಹುದೆಂದು ಇಬ್ಬರಿಗೂ ಎಂದೂ ಅನಿಸಿರಲಿಲ್ಲ.

ಕೈ ನಡುಗುವುದು ಶುರುವಾದದ್ದು ಚಹದ ಬಸಿಯಿಂದ. ಮೊದಮೊದಲು ಬಸಿಯಲ್ಲಿ ಕಪ್ಪು ಸಣ್ಣಗೆ ಸದ್ದು ಮಾಡುತ್ತಿತ್ತು. ಆಮೇಲೆ ಚಹ ಚೆಲ್ಲತೊಡಗಿತು. ಸುಲ್ತಾನಸಾಬ ಬಸಿ ಬಿಟ್ಟು ಗ್ಲಾಸಿಗೆ ಬಂದ, ಗ್ಲಾಸನ್ನು ಎರಡೂ ಕೈಯಿಂದ ಹಿಡಿಯತೊಡಗಿದ, ಯಾರಾದರೂ ಗಿರಾಕಿ ಬಂದರೆ ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡು ಮಾತಾಡಿದ. ಕಲಬುರಗಿಯ ಡಾಕ್ಟರು ನೋಡಿ, ಇದು ಜೀವಕ್ಕೇನೂ ಅಪಾಯವಲ್ಲ, ಗುಳಿಗೆಯಿಂದ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು. ಗುಳಿಗೆ ನುಂಗಿದರೆ ಮಧ್ಯಾಹ್ನವೆಲ್ಲ ಜೋಂಪು. ನುಂಗದಿದ್ದರೆ ನಡುಕ.

ಆ ದಿನಗಳಲ್ಲೇ ಪ್ರೈಮರಿ ಶಾಲೆಯ ಈಶಪ್ಪ ಮಾಸ್ತರರು ತಮ್ಮ ತೀರಿಹೋದ ತಾಯಿಯ ಫೋಟೋ ತಂದುಕೊಟ್ಟರು. ಹಳೆಯ ಫೋಟೋ, ಇದ್ದದ್ದು ಅದೊಂದೇ. ಎಲ್ಲ ಸರಿಯಾಗಿಯೇ ನಡೆದಿತ್ತು. ಕಡೆಗೆ ಗಾಜನ್ನು ಫ್ರೇಮಿನೊಳಗೆ ಕೂಡಿಸುವಾಗ ಕೈ ಒಮ್ಮೆಲೇ ಎಗರಿತು. ಗಾಜು ಒಡೆದು, ಅದರ ಚೂಪು ತುದಿ ಆ ಮುದುಕಿಯ ಕೆನ್ನೆಯಿಂದ ಹಣೆಯವರೆಗೆ ಗೀರಿಬಿಟ್ಟಿತು. ಮಾಸ್ತರರು ಬಂದಾಗ ಸುಲ್ತಾನಸಾಬ ತಲೆ ಎತ್ತದೆ ಅದನ್ನು ಮುಂದಿಟ್ಟ. ಅವರು ಬಹಳ ಹೊತ್ತು ನೋಡಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಇರಲಿ ಬಿಡ್ರಿ ಸಾಬರ ಎಂದು ಮೆಲ್ಲಗೆ ಹೇಳಿ, ಫೋಟೋವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಮರುದಿನ ಅಂಗಡಿಯ ಶಟರು ಮೇಲೇಳಲಿಲ್ಲ. ಆಮೇಲೆಯೂ ಏಳಲಿಲ್ಲ. ಸುಲ್ತಾನಸಾಬ ಅಂಗಳದ ಬೇವಿನ ಕೆಳಗೆ ಹೊರಸು ಹಾಕಿಕೊಂಡು ಕುಳಿತುಬಿಟ್ಟ. ಮುನ್ನಿಬೀ ಮೂಲೆಯಲ್ಲಿದ್ದ ಹೊಲಿಗೆ ಮಿಶನ್ನಿಗೆ ಎಣ್ಣೆ ಬಿಟ್ಟು, ಭೀಮರಾಯನಗುಡಿಯ ಕಾಲುವೆ ನೌಕರರ ಕ್ಯಾಂಪಿನ ಮನೆಗಳಿಂದ ಜಂಪರು, ಸೀರೆಯ ಫಾಲು, ಮಕ್ಕಳ ಲಂಗ ಹೊಲಿಯಲು ತರತೊಡಗಿದಳು. ಬೆಳಿಗ್ಗೆ ಹೋಗುವಾಗ ಒಂದು ಚೀಲ, ಬರುವಾಗ ಒಂದು ಚೀಲ. ಅವಳ ಮಿಶನ್ನಿನ ಸದ್ದು ಕೇಳುತ್ತ ಅವನು ಬೇವಿನ ಎಲೆ ಉದುರುವುದನ್ನು ನೋಡುತ್ತಿದ್ದ. ನಿನ್ನ ಕೈಯಾದರೂ ನೆಟ್ಟಗಿದೆಯಲ್ಲ ಎಂದು ಅವಳಿಗೆ ಹೇಳಬೇಕೆನಿಸುತ್ತಿತ್ತು. ಹೇಳಿದರೆ ಅದು ಚುಚ್ಚಿದಂತಾಗುತ್ತದೆಂದು ಸುಮ್ಮನಿರುತ್ತಿದ್ದ.

ಚಳಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅದೇ ಓಣಿಯ ಅಜರುದ್ದೀನನ ಗೂಡ್ಸ್ ಆಟೋ ಬಂದು ಮನೆಯ ಮುಂದೆ ನಿಂತಿತು. ಹಿಂದೆ ಮುನ್ನಿಬೀ ಒಂದು ದೊಡ್ಡ ಗಂಟನ್ನು ಅಪ್ಪಿಕೊಂಡು ಕುಳಿತಿದ್ದಳು. ಸುತ್ತ ಎರಡು ಕೌದಿ. ಅಜರುದ್ದೀನನೂ ಅವಳೂ ಸೇರಿ ಅದನ್ನು ಅಂಗಳಕ್ಕೆ ಇಳಿಸಿದರು. ಕೌದಿ ಬಿಚ್ಚಿದಾಗ ಒಳಗಿದ್ದದ್ದು ಮೀನು ಸಾಕುವ ಗಾಜಿನ ತೊಟ್ಟಿ.

ತೊಟ್ಟಿ ಎನ್ನುವುದಕ್ಕೆ ಅದರಲ್ಲಿ ಉಳಿದಿದ್ದು ಕಡಿಮೆ. ಒಂದು ಬದಿಯ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಉಳಿದವುಗಳ ಮೇಲೆ ಸವಳು ನೀರಿನ ಬಿಳಿ ಕಲೆ ದಪ್ಪಗೆ ಕುಳಿತಿತ್ತು. ಗಾಜು ಗಾಜು ಕೂಡುವ ಮೂಲೆಗಳಲ್ಲಿ ಹಚ್ಚಿದ್ದ ಸಿಲಿಕಾನ್ ಅಂಟು ಹಳದಿಯಾಗಿ, ಕರಗಿ ಒಣಗಿದ ಬೆಲ್ಲದಂತೆ ಜೋತುಬಿದ್ದಿತ್ತು. ತಳದಲ್ಲಿ ಹುಲ್ಲು ಮತ್ತು ಕೋಳಿಯ ಪುಕ್ಕ.

ಪುಕ್ಕದ ಕತೆಯನ್ನು ಅವಳೇ ಹೇಳಿದಳು. ಕ್ಯಾಂಪಿನಲ್ಲಿ ರಾಧಿಕಾ ಎಂಬ ಗುಮಾಸ್ತೆಯ ಮನೆಗೆ ಜಂಪರು ಕೊಡಲು ಹೋಗುತ್ತಿದ್ದಾಗ ಇದು ಹಿತ್ತಲಿನ ಮೆಟ್ಟಿಲ ಕೆಳಗೆ ಬಿದ್ದಿರುವುದನ್ನು ನೋಡಿದ್ದಳು. ಬೇಕಾದರೆ ಒಯ್ಯಿ ಎಂದು ರಾಧಿಕಾ ಹೇಳಿದ್ದಳು. ಆದರೆ ಒಳಗೆ ಕೋಳಿಯೊಂದು ಕಾವಿಗೆ ಕುಳಿತಿತ್ತು. ಅದನ್ನು ಎಬ್ಬಿಸಲು ಮುನ್ನಿಬೀಗೆ ಮನಸ್ಸಾಗಲಿಲ್ಲ. ಮೊಟ್ಟೆಯೊಡೆದ ಮರಿಗಳು ತಾಯಿಯ ಹಿಂದೆ ಅಂಗಳಕ್ಕೆ ಇಳಿಯುವವರೆಗೆ ಕಾದು, ಈ ದಿನ ತಂದಿದ್ದಳು.

ಸುಲ್ತಾನಸಾಬ ಹೊರಸಿನಿಂದ ಏಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಗಂಡ ಸುಮ್ಮನೆ ಕುಳಿತಿದ್ದಾನೆ, ಕೈಗೊಂದು ಆಟಿಕೆ ಕೊಟ್ಟರೆ ಮತ್ತೆ ಎದ್ದಾನು ಎಂದು ಯಾರೋ ಇವಳ ಕಿವಿ ಊದಿರಬೇಕು. ಗುಡ್ಡಿಯೇ ಫೋನಿನಲ್ಲಿ ಹೇಳಿಕೊಟ್ಟಿರಬೇಕು. ಅಜರುದ್ದೀನ ಹೋಗುವವರೆಗೆ ತಡೆದುಕೊಂಡು, ಆಮೇಲೆ ಕೇಳಿದ:

"ನಾ ಖಾಲಿ ಕುಂತೀನಂತ ನನಗ ಕೆಲಸ ಹಚ್ಚಾಕ ತಂದೀಯೇನು ಇದನ್ನ?"

ಮುನ್ನಿಬೀ ಕೌದಿ ಮಡಚುತ್ತಿದ್ದಳು. ತಿರುಗಿ ನೋಡಿದಳು. ಅವಳ ಮುಖದಲ್ಲಿ ಇದ್ದದ್ದು ಬರೀ ಆಶ್ಚರ್ಯ.

"ನಿಮಗಲ್ರಿ. ನನಗ ಬೇಕಾಗಿತ್ತು."

"ನಿನಗ?"

"ಹ್ಞೂಂ. ಮೀನ ಇಟಗೊಂಡು ನೋಡಬೇಕಂತ."

ಇಷ್ಟು ಹೇಳಿ ಅವಳು ಕೌದಿ ಎತ್ತಿಕೊಂಡು ಒಳಗೆ ಹೋದಳು. ಸುಲ್ತಾನಸಾಬನ ಸಿಟ್ಟು ಕಾಲಿಡಲು ಜಾಗವಿಲ್ಲದಂತಾಗಿ ಅಲ್ಲೇ ನಿಂತಿತು.

ಆ ಸಂಜೆಯೆಲ್ಲ ಅವನು ಅದನ್ನೇ ಯೋಚಿಸಿದ. ನನಗೆ ಬೇಕು ಎಂದು ಇವಳು ಯಾವಾಗ ಹೇಳಿದ್ದಳು? ಮನೆಗೆ ಎಣ್ಣೆ ಬೇಕು ಎಂದಿದ್ದಾಳೆ. ಗುಡ್ಡಿಗೆ ಹೊಸ ಅಂಗಿ ಬೇಕು ಎಂದಿದ್ದಾಳೆ. ಮಳೆಗಾಲದ ಮೊದಲು ತಗಡು ಬೇಕು, ಹಬ್ಬಕ್ಕೆ ಶಾವಿಗೆ ಬೇಕು, ನಿಮ್ಮ ಅಮ್ಮನಿಗೆ ಕಣ್ಣಿನ ಆಪರೇಶನ್ ಆಗಬೇಕು ಎಂದಿದ್ದಾಳೆ. ತನಗಾಗಿ ಕೇಳಿದ ಒಂದಾದರೂ ವಸ್ತು ಇರಬೇಕಲ್ಲ ಎಂದು ಹುಡುಕುತ್ತ ಹೋದಂತೆ, ಮರೆತೇಹೋಗಿದ್ದ ಒಂದು ಸಂಗತಿ ನೆನಪಿಗೆ ಬಂತು. ಮದುವೆಯಾದ ಹೊಸತು. ಅಂಗಡಿಯಲ್ಲಿ ಇಬ್ಬರೂ ಕಿಟಕಿಯ ಗಾಜು ಒರೆಸುತ್ತಿದ್ದರು. ಮೀನು ಸಾಕುವ ಗಾಜಿನ ಪೆಟ್ಟಿಗೆ ಮಾಡಲು ನಿಮಗೆ ಬರುತ್ತದೆಯೇ ಎಂದು ಅವಳು ಕೇಳಿದ್ದಳು. ಯಾಕೆ ಬರುವುದಿಲ್ಲ, ಈ ಊರಲ್ಲಿ ಯಾರು ಕೇಳುತ್ತಾರೆ ಎಂದು ಅವನು ನಕ್ಕುಬಿಟ್ಟಿದ್ದ. ಅವಳೂ ನಕ್ಕಿದ್ದಳು. ಕೇಳಿದವಳು ಎದುರಿಗೇ ನಿಂತಿದ್ದಳೆಂಬುದು ಅವನಿಗೆ ಹೊಳೆದಿರಲಿಲ್ಲ.

ಮರುದಿನದಿಂದ ಮುನ್ನಿಬೀ ಹೊಲಿಗೆ ಮುಗಿಸಿ, ಬಿಸಿಲು ಇಳಿದ ಮೇಲೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರತೊಡಗಿದಳು. ಹುಣಸೆಹುಳಿ ಹಚ್ಚಿ ತಿಕ್ಕಿ ಬಿಳಿ ಕಲೆ ಬಿಡಿಸಿದಳು. ಅದು ಚೆನ್ನಾಗಿಯೇ ಬಿಟ್ಟಿತು. ಹಳೆ ಅಂಟಿಗೆ ಮಾತ್ರ ಕಾಯಿಪಲ್ಲೆ ಹೆಚ್ಚುವ ಚಾಕು ಹಾಕಿ ಕೆರೆಯತೊಡಗಿದಳು. ಚಾಕು ಗಾಜಿಗೆ ತಾಗಿ ಕಿರ್ರೆಂದಾಗಲೆಲ್ಲ ಹೊರಸಿನ ಮೇಲಿದ್ದ ಸುಲ್ತಾನಸಾಬನ ಹಲ್ಲು ಜುಮ್ಮೆನ್ನುತ್ತಿತ್ತು. ಒಂದು ದಿನ ತಡೆದ. ಎರಡನೆಯ ದಿನ ಎದ್ದು ಬಂದ.

"ಚಾಕು ಬ್ಯಾಡ. ಗೀರು ಬೀಳ್ತದ. ಬ್ಲೇಡ್ ತಗೋ, ಗಾಜಿಗಿ ಮಲಗಿಸಿ ಹಿಡಿ."

ಅವಳು ಬ್ಲೇಡ್ ತಂದಳು. ಅವನು ಎದುರಿಗೆ ಕುಳಿತ. ಹಳೆಯ ಅಂಟು ಒಂದು ಎಳೆ ಉಳಿದರೂ ಹೊಸದು ಅದರ ಮೇಲೆ ಹಿಡಿಯುವುದಿಲ್ಲ, ಪೂರ್ತಿ ಬಿಡಿಸಬೇಕು ಎಂದು ಹೇಳಿದ. ಒಡೆದ ಗಾಜನ್ನು ಇಬ್ಬರೂ ಸೇರಿ ಮೆಲ್ಲಗೆ ಬಿಡಿಸಿ ತೆಗೆದು, ಗೋಣಿಚೀಲದಲ್ಲಿ ಸುತ್ತಿ ಇಟ್ಟರು. ಬ್ಲೇಡಿನ ಕೆಳಗೆ ಅಂಟು ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಹಾಗೆ ಕೆರೆಯುತ್ತಲೇ ಮುನ್ನಿಬೀ ತಾನು ಮೊದಲು ಇಂಥದನ್ನು ನೋಡಿದ್ದು ಎಲ್ಲಿ ಎಂದು ಹೇಳಿದಳು.

ಅವಳು ಸಣ್ಣವಳಿದ್ದಾಗ ಅಪ್ಪನಿಗೆ ಎದೆಯ ರೋಗ. ಶಿರವಾಳದಿಂದ ಕಲಬುರಗಿಯ ದೊಡ್ಡ ಡಾಕ್ಟರರ ಹತ್ತಿರ ಕರೆದೊಯ್ಯುವಾಗ, ಹಟ ಹಿಡಿದ ಅವಳನ್ನೂ ಕರೆದುಕೊಂಡು ಹೋಗಿದ್ದರು. ಅಪ್ಪ ಮತ್ತು ಕಾಕಾ ಒಳಗೆ ಹೋದರು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿದರು. ಎದುರಿಗೆ ಗಾಜಿನ ಪೆಟ್ಟಿಗೆ. ಅದರಲ್ಲಿ ಒಂದು ಕೆಂಪು ಮೀನು. ಅವಳು ಗಾಜಿಗೆ ಬೆರಳಿಟ್ಟರೆ ಮೀನು ಅಲ್ಲಿಗೇ ಬಂದು ಬಾಯಿ ತೆರೆಯುತ್ತಿತ್ತು. ಬೆರಳು ಸರಿಸಿದರೆ ಅದೂ ಸರಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಆಡಿದಳೋ. ಅಪ್ಪ ಹೊರಗೆ ಬಂದು, ಏನನ್ನೂ ಹೇಳದೆ ತಾನೂ ಅವಳ ಪಕ್ಕ ಕುಳಿತು ಮೀನು ನೋಡಿದ. ಒಳಗೆ ಡಾಕ್ಟರು ಅವನಿಗೆ ಏನು ಹೇಳಿದ್ದರೆಂಬುದು ಅವಳಿಗೆ ಆಮೇಲೆ ತಿಳಿಯಿತು. ಆ ಮಳೆಗಾಲ ಅಪ್ಪ ಉಳಿಯಲಿಲ್ಲ.

"ಅಪ್ಪನ ಜೋಡಿ ಹಂಗ ಸುಮ್ಮಕ ಕುಂತಿದ್ದು ಅದೊಂದೇ ಸಲ್ರಿ," ಎಂದಳು ಮುನ್ನಿಬೀ. "ಅದಕ ಇರಬೇಕು. ಎಲ್ಲಿ ಮೀನ ಕಂಡ್ರೂ ನಿಲ್ಲೂಹಂಗ ಆಗ್ತದ."

ಸುಲ್ತಾನಸಾಬ ಎದ್ದು ಹೋಗಿ ಗೂಟಕ್ಕೆ ನೇತುಹಾಕಿದ್ದ ಅಂಗಡಿಯ ಕೀಲಿಕೈ ತಂದ.

ಶಟರು ಎತ್ತಿದಾಗ ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಪಟಗಳ ಮೇಲೆ ಧೂಳು, ಮೂಲೆಯಲ್ಲಿ ಜೇಡರ ಬಲೆ. ಉಳಿದ ಗಾಜಿನ ತುಂಡುಗಳು ಗೋಡೆಗೆ ಒರಗಿಕೊಂಡು ಹಾಗೆಯೇ ಇದ್ದವು. ದಪ್ಪ ಗಾಜಿನದೊಂದು ಹಾಳೆಯನ್ನು ಇಬ್ಬರೂ ಎತ್ತಿ ಹಲಗೆಯ ಮೇಲೆ ಮಲಗಿಸಿದರು. ಅಳತೆಗೆ ಗುರುತು ಹಾಕಿ, ಕಲಮನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸುಲ್ತಾನಸಾಬ ಗಾಜಿನ ಮೇಲೆ ಇಟ್ಟ. ಒಂದು ಸಲ ಉಸಿರು ಬಿಗಿಹಿಡಿದು ಎಳೆದ. ಗೆರೆ ನೇರವಾಗಿ ಹೊರಟು ನಡುವೆ ಹುಳದಂತೆ ಹೊರಳಿತು. ಗಾಜು ಗೆರೆಯನ್ನು ಬಿಟ್ಟು ತನಗೆ ಬೇಕಾದ ಕಡೆ ಒಡೆಯಿತು.

ಅವನು ಕಲಮು ನೋಡಿದ, ಕೈ ನೋಡಿಕೊಂಡ. ಇನ್ನೊಮ್ಮೆ ಪ್ರಯತ್ನಿಸುತ್ತಾನೆಂದು ಮುನ್ನಿಬೀ ಎಣಿಸಿದಳು. ಶಟರು ಎಳೆದು ಮತ್ತೆ ಹೊರಸಿಗೆ ಹೋದರೂ ಹೋದಾನೆಂದು ಹೆದರಿದಳು. ಅವನು ಅವೆರಡನ್ನೂ ಮಾಡಲಿಲ್ಲ. ಅವಳ ಬಲಗೈ ತೆಗೆದುಕೊಂಡು ಅಂಗೈಯಲ್ಲಿ ಕಲಮು ಇಟ್ಟ.

"ಹಿಡಿ," ಎಂದ. "ನಿನ್ನ ಪೆಟಿಗಿ. ನೀನ ಕೊಯ್ಯಿ."

ಅವಳು ಮೊದಲ ಸಲ ಒತ್ತಿದ್ದು ಹೆಚ್ಚಾಯಿತು, ಗಾಜು ಚೂರಾಯಿತು. ಎರಡನೆಯ ಸಲ ಹೆದರಿ ಒತ್ತಲೇ ಇಲ್ಲ, ಗೆರೆಯೇ ಬೀಳಲಿಲ್ಲ. ಬಿದ್ದಿಲ್ಲವೆಂದು ಅದರ ಮೇಲೆಯೇ ಇನ್ನೊಮ್ಮೆ ಎಳೆದಳು. ಒಮ್ಮೆ ಎಳೆದ ಗೆರೆಯ ಮೇಲೆ ಕಲಮು ಮತ್ತೆ ಹೋಗಬಾರದು, ಅದು ಕೆಲಸದ ಮೊದಲ ಪಾಠ. ಸುಲ್ತಾನಸಾಬನ ದನಿ ಏರಿತು, ಮಾತು ದಖ್ಖನಿಗೆ ಹೊರಳಿತು. ಅವಳೂ ಬಿಡಲಿಲ್ಲ. ಉಸ್ತಾದನ ಅಂಗಡಿಯಲ್ಲಿ ನೀವು ಎಷ್ಟು ಒಡೆದಿದ್ದೀರೆಂದು ಉಸ್ತಾದನೇ ಮದುವೆಯ ದಿನ ಎಲ್ಲರ ಮುಂದೆ ಹೇಳಿದ್ದಾನೆ ಎಂದು ಅದೇ ದಖ್ಖನಿಯಲ್ಲಿ ತಿರುಗಿ ಕೊಟ್ಟಳು. ಸೊಂಟದ ಮೇಲೆ ಕೈಯಿಟ್ಟು, ಕಲಮನ್ನು ಅವನ ಕಡೆ ಚಾಚಿ ನಿಂತಿದ್ದ ಅವಳನ್ನು ನೋಡಿ ಸುಲ್ತಾನಸಾಬನಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು, ಕೆಮ್ಮು ಹತ್ತುವವರೆಗೆ ನಿಲ್ಲಲಿಲ್ಲ.

ಆಮೇಲೆ ಅವನು ಕಲಿಸುವ ರೀತಿ ಬದಲಾಯಿಸಿದ. ಸಣ್ಣ ತುಂಡುಗಳನ್ನು ಕೊಟ್ಟು ಗೆರೆ ಎಳೆಯಲು ಹೇಳಿ, ತಾನು ಕಣ್ಣು ಮುಚ್ಚಿ ಕುಳಿತ. ಗಾಜು ಸರಿಯಾಗಿ ಕೊಯ್ದರೆ ಹೊಸ ಬಟ್ಟೆ ಹರಿದಂತೆ ಒಂದೇ ಸಮ ಸದ್ದು ಬರುತ್ತದೆ. ಒತ್ತಡ ಹೆಚ್ಚಾದರೆ ಕರಕರ, ಕಡಿಮೆಯಾದರೆ ಮೌನ. ಮುನ್ನಿಬೀಯ ಕೈ ಎಲ್ಲಿ ಹೆದರಿತು, ಎಲ್ಲಿ ಆತುರ ಮಾಡಿತು ಎಂದು ಅವನು ಕಿವಿಯಿಂದಲೇ ಹೇಳುತ್ತಿದ್ದ. ಬಟ್ಟೆಯ ಮಾತು ಅವಳಿಗೆ ಬೇಗ ಹತ್ತಿತು. ಕತ್ತರಿ ಒಂದೇ ಓಟದಲ್ಲಿ ಹೋಗಬೇಕು, ನಡುವೆ ನಿಲ್ಲಬಾರದು ಎಂಬುದು ಹೊಲಿಗೆಯವಳಿಗೆ ಗೊತ್ತಿದ್ದದ್ದೇ. ಕೆಲವು ದಿನಗಳಲ್ಲಿ ಆ ಸದ್ದು ಬಂತು. ಗೆರೆಯನ್ನು ಹಲಗೆಯ ಅಂಚಿಗೆ ಹಿಡಿದು ಅವಳು ಕೆಳಗೆ ಒತ್ತಿದಾಗ ಗಾಜು ಟಕ್ಕೆಂದು ನೇರವಾಗಿ ಬೇರೆಯಾಯಿತು. ಅವನು ಕಣ್ಣು ತೆರೆದು ಅಂಚಿನ ಮೇಲೆ ಬೆರಳಾಡಿಸಿ, ಸಾಣೆಕಲ್ಲು ತಾ ಎಂದಷ್ಟೇ ಹೇಳಿದ. ಅದಕ್ಕಿಂತ ದೊಡ್ಡ ಶಹಬ್ಬಾಸ್ ಅವನು ಯಾರಿಗೂ ಕೊಟ್ಟವನಲ್ಲ.

ಅಂಚುಗಳನ್ನು ನೀರು ಬಿಟ್ಟು ಬಿಟ್ಟು ತಿಕ್ಕಿ ಮೊಂಡು ಮಾಡಿದ್ದಾಯಿತು. ಸ್ಪಿರಿಟ್ ಹಚ್ಚಿ ಒರೆಸಿದ್ದಾಯಿತು. ಅಂಟು ಹಚ್ಚುವ ದಿನ ಮಾತ್ರ ತೊಡಕಾಯಿತು. ಮುನ್ನಿಬೀ ಕೊಳವೆಯಿಂದ ಅಂಟು ಬಿಡುತ್ತ ಹೋಗುವಾಗ ಯಾರಾದರೂ ಗಾಜನ್ನು ಅಲುಗದಂತೆ ನಿಲ್ಲಿಸಿ ಹಿಡಿಯಬೇಕು. ನನ್ನ ಕೈಯಿಂದ ಆಗುವುದಿಲ್ಲ, ಅಜರುದ್ದೀನನನ್ನು ಕರೆ ಎಂದ ಸುಲ್ತಾನಸಾಬ. ಅವಳು ಕೇಳಿಸಿಕೊಳ್ಳದವಳಂತೆ ಗಾಜು ಎತ್ತಿ ನಿಲ್ಲಿಸಿಬಿಟ್ಟಳು. ಬಿಟ್ಟರೆ ಬೀಳುತ್ತದೆ. ಅವನು ಧಾವಿಸಿ ಎರಡೂ ಅಂಗೈಗಳನ್ನು ಅದಕ್ಕೆ ಆನಿಸಿ, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿ ನಿಂತ. ಪೆನ್ನೋ ಬಸಿಯೋ ಹಿಡಿದರೆ ಕುಣಿಯುವ ಕೈ, ಹೀಗೆ ಬಲವಾಗಿ ಒತ್ತಿ ನಿಂತಾಗ ಸುಮಾರು ತೆಪ್ಪಗಾಯಿತು. ಪೂರ್ತಿ ಅಲ್ಲ. ಆದರೆ ಗಾಜು ಅಲುಗಲಿಲ್ಲ. ಅವಳು ಅಂಟು ಬಿಟ್ಟು, ಬೆರಳಿನಿಂದ ಒಂದೇ ಸಮ ಸವರಿ, ಮೂಲೆಗಳಿಗೆ ಟೇಪು ಸುತ್ತುವವರೆಗೆ ಅವನು ಹಾಗೆಯೇ ನಿಂತಿದ್ದ. ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು.

ಅಂಟು ಒಣಗುವವರೆಗೆ ಮನೆಯ ತುಂಬ ಹುಳಿಹುಳಿ ವಾಸನೆ. ಪಕ್ಕದ ಮನೆಯ ಮಲ್ಲಿಕಮ್ಮ ಗೋಡೆಯ ಆಚೆಯಿಂದ ಇಣುಕಿ, ಉಪ್ಪಿನಕಾಯಿ ಹಾಕುತ್ತಿದ್ದೀರೇನು, ನಮಗೂ ಒಂದು ಬಾಟಲಿ ಇಡ್ರಿ ಎಂದಳು. ಗಾಜಿನ ತೊಟ್ಟಿ ತೋರಿಸಿದಾಗ ಒಳಗೇ ಬಂದು ನೋಡಿ, ಇದರಲ್ಲಿ ಬೆಳೆಸಿದ ಮೀನು ಸಾರಿಗೆ ಸಾಲುವುದಿಲ್ಲವಲ್ಲ ಮುನ್ನಿಬೀ ಎಂದು ಚಿಂತೆ ಮಾಡಿದಳು.

ವಾಸನೆ ಹೋದ ಮೇಲೆ ತೊಟ್ಟಿಯ ಕೆಳಗೆ ಹಳೆಯ ಪೇಪರು ಹಾಸಿ, ಕೊಡದಿಂದ ನೀರು ತುಂಬಿದರು. ಇಬ್ಬರೂ ನೆಲಕ್ಕೆ ಕುಳಿತು ನೋಡಿದರು. ಊಟ ಮುಗಿಸಿ ಬರುವುದರೊಳಗೆ ಒಂದು ಮೂಲೆಯ ಪೇಪರು ತೊಯ್ದು ಕಪ್ಪಾಗಿತ್ತು. ಹೊಸ ಗಾಜಿನ ಬುಡದಿಂದ ನೀರು ಸಣ್ಣಗೆ ಜಿನುಗುತ್ತಿತ್ತು.

ಮುನ್ನಿಬೀಯ ಕಣ್ಣು ತುಂಬಿತು. ತನ್ನ ಕೈಯೇ ಸರಿಯಿಲ್ಲ, ಹುಚ್ಚು ಆಸೆಗೆ ನಿಮ್ಮನ್ನೂ ದಣಿಸಿದೆ ಎಂದಳು. ಸುಲ್ತಾನಸಾಬ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದ. ಅಲ್ಲಿ ಹಳೆಯ ಅಂಟಿನ ತೆಳು ಎಳೆಯೊಂದು ಉಳಿದಿತ್ತು. ಆ ದಿನ ಅವಳು ಇನ್ನೂ ಕೆರೆಯುತ್ತೇನೆ ಎಂದಾಗ, ಹೊತ್ತಾಯಿತು, ಆ ಮೂಲೆ ಸಾಕು ಎಂದು ಅವಸರ ಮಾಡಿದವನು ತಾನೇ.

"ನಿನ್ನ ಕೈ ಛಲೋ ಅದ," ಎಂದ. "ಸಾಕು ಬಿಡು ಅಂದ ನನ್ನ ಬಾಯಿ ತಪ್ಪು. ನಡಿ, ಬಿಚ್ಚೂಣು."

ಮತ್ತೆ ಬಿಚ್ಚಿದರು. ಮತ್ತೆ ಕೆರೆದು, ಒರೆಸಿ, ಹಚ್ಚಿ, ಒತ್ತಿ ಹಿಡಿದರು. ಈ ಸಲ ಅವನು ಅವಸರ ಮಾಡಲಿಲ್ಲ. ಅಂಟು ಒಣಗುವವರೆಗೆ ತೊಟ್ಟಿಯ ಬಳಿ ಯಾರೂ ಸುಳಿಯದಂತೆ ಹೊರಸನ್ನೇ ಅಡ್ಡ ಹಾಕಿ ಕಾವಲು ಕುಳಿತ. ಎರಡನೆಯ ಸಲ ನೀರು ತುಂಬಿದಾಗ ಪೇಪರು ಒಣಗಿಯೇ ಇತ್ತು. ಮರುದಿನವೂ ಒಣಗಿಯೇ ಇತ್ತು. ಬೇವಿನ ಎಲೆಗಳ ನಡುವಿನಿಂದ ಬಿದ್ದ ಬಿಸಿಲು ನೀರನ್ನು ದಾಟಿ ಹಿಂದಿನ ಸುಣ್ಣದ ಗೋಡೆಯ ಮೇಲೆ ಅಲುಗುತ್ತಿತ್ತು. ಮೀನಿಲ್ಲದ ಬರೀ ನೀರನ್ನೇ ಮುನ್ನಿಬೀ ಹೋಗುತ್ತ ಬರುತ್ತ ನಿಂತು ನೋಡಿದಳು.

ಮೀನು ತರಲು ನಾನೇ ಯಾದಗಿರಿಗೆ ಹೋಗುತ್ತೇನೆ ಎಂದು ಸುಲ್ತಾನಸಾಬ ಹೇಳಿದಾಗ ಅವಳು ಬೇಡವೆನ್ನಲಿಲ್ಲ. ಕೈ ನಡುಗತೊಡಗಿದ ಮೇಲೆ ಅವನು ಒಬ್ಬನೇ ಬಸ್ಸು ಹತ್ತಿದ್ದು ಅದೇ ಮೊದಲು. ಬಣ್ಣದ ಮೀನು ಮಾರುವ ಅಂಗಡಿಯ ದೇವಿಂದ್ರ ಎಂಬಾತ ತೊಟ್ಟಿಯ ಅಳತೆ ಕೇಳಿ, ಮೊದಲಿಗೆ ಎರಡೇ ಸಾಕು ಎಂದು ಎರಡು ಕೆಂಪು ಮೀನುಗಳನ್ನು ನೀರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತುಂಬಿ ಬಾಯಿ ಕಟ್ಟಿಕೊಟ್ಟ. ಚಿಕ್ಕದೊಂದು ಗಾಳಿಯ ಪಂಪನ್ನೂ, ಕಾಳಿನ ಡಬ್ಬಿಯನ್ನೂ ಕೊಟ್ಟ. ಸುಲ್ತಾನಸಾಬ ಚೀಲ ಹಿಡಿದ ಕೂಡಲೇ ಕೈ ನಡುಗಿ ನೀರು ತುಳುಕತೊಡಗಿತು. ಹೀಗೆ ಅಲ್ಲಾಡಿದರೆ ಮೀನು ಸಾಯುತ್ತವೆಯೇ ಎಂದು ಅವನು ಸಂಕೋಚದಿಂದ ಕೇಳಿದ. ದೇವಿಂದ್ರ ಆ ಕೈಯನ್ನು ನೋಡಿದ. ಏನೂ ಆಗುವುದಿಲ್ಲ, ನೀರು ತುಸು ಅಲುಗುತ್ತಿದ್ದರೆ ಅದರೊಳಗೆ ಗಾಳಿ ಬೆರೆಯುತ್ತದೆ, ಒಳ್ಳೆಯದೇ ಎಂದ.

ಆ ಮಾತನ್ನು ನಂಬಿದ್ದರೂ ಸುಲ್ತಾನಸಾಬ ದಾರಿಯುದ್ದಕ್ಕೂ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಮೊಣಕಾಲುಗಳ ನಡುವೆ ಅವಚಿ ಕುಳಿತ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಯಾರಿಗೆ ಒಯ್ಯುತ್ತಿದ್ದೀರಿ, ಮೊಮ್ಮಕ್ಕಳಿಗೇನು ಎಂದು ಕೇಳಿದಳು. ಅವನು, ನಮ್ಮ ಮನೆಯಾಕಿಗೆ ಎಂದ. ಹೇಳಿದ ಮೇಲೆ ನಾಚಿಕೆಯಾಯಿತು. ಆ ಹೆಂಗಸು ನಗಲಿಲ್ಲ. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ತಾನೂ ಚೀಲದ ಕೆಳಗೆ ಕೈ ಆನಿಸುತ್ತ ಬಂದಳು.

ಮನೆಗೆ ಬಂದವನೇ ಚೀಲವನ್ನು ಹಾಗೆಯೇ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟ. ಒಳಗಿನ ನೀರು ಹೊರಗಿನ ನೀರು ಒಂದೇ ಹದಕ್ಕೆ ಬರಬೇಕೆಂದು ದೇವಿಂದ್ರ ಹೇಳಿದ್ದ. ಮುನ್ನಿಬೀ ಕೈ ತೊಳೆದು ಬಂದು, ಸೆರಗು ಸೊಂಟಕ್ಕೆ ಸಿಗಿಸಿ ಚೀಲದ ಗಂಟು ಬಿಚ್ಚಿದಳು. ಮೀನುಗಳು ಮೊದಲು ಹೊರಗೆ ಬರಲಿಲ್ಲ. ಆಮೇಲೆ ಒಂದು ಬಂತು, ಅದರ ಹಿಂದೆ ಇನ್ನೊಂದು. ತಳಕ್ಕೆ ಇಳಿದು ಮೂಲೆಯಲ್ಲಿ ಅಡಗಿದವು. ಇಬ್ಬರೂ ನೆಲದ ಮೇಲೆ ಕುಳಿತು ಕಾದರು. ಕಡೆಗೆ ಒಂದು ಮೀನು ಮೆಲ್ಲಗೆ ಮುಂದೆ ಬಂತು. ಮುನ್ನಿಬೀ ಗಾಜಿಗೆ ಬೆರಳಿಟ್ಟಳು. ಅದು ಬೆರಳಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿತು. ಸುಲ್ತಾನಸಾಬ ಮೀನನ್ನು ನೋಡಲೇ ಇಲ್ಲ. ನಡುವಯಸ್ಸು ದಾಟಿದ ಹೆಂಡತಿಯ ಮುಖದಲ್ಲಿ, ತಾನು ಎಂದೂ ಕಾಣದಿದ್ದ ಶಿರವಾಳದ ಹುಡುಗಿಯೊಬ್ಬಳು ಕಾಣಿಸಿದಳು.

ಎಲ್ಲವೂ ಸುಖವಾಗಿಯೇ ನಡೆಯಿತೆಂದಲ್ಲ. ಬೇಸಿಗೆಯಲ್ಲಿ ಒಂದು ಮೀನು ಸತ್ತಿತು. ಕರೆಂಟು ಹೋಗಿ ಪಂಪು ನಿಂತದ್ದಕ್ಕೋ, ಕಾಳು ಹೆಚ್ಚಾಗಿದ್ದಕ್ಕೋ ತಿಳಿಯಲಿಲ್ಲ. ಮುನ್ನಿಬೀ ಅದನ್ನು ಬೇವಿನ ಬುಡದಲ್ಲಿ ಹೂತು, ಒಂದು ಹೊತ್ತು ಉಣ್ಣಲಿಲ್ಲ. ಮುಂದಿನ ವಾರ ಅವರಿಬ್ಬರೂ ಯಾದಗಿರಿಗೆ ಹೋಗಿ, ಉಳಿದ ಮೀನಿಗೆ ಜೊತೆಯಾಗಿ ಇನ್ನೊಂದನ್ನು ತಂದರು.

ತೊಟ್ಟಿಯನ್ನು ನೋಡಲು ಓಣಿಯ ಮಂದಿ ಬಂದರು. ನೋಡಿದವರು ಅಂಗಡಿಯ ಶಟರು ಎದ್ದಿರುವುದನ್ನೂ ನೋಡಿದರು. ಮಲ್ಲಿಕಮ್ಮ ತನ್ನ ಒಡೆದ ಕಿಟಕಿಗೆ ಗಾಜು ಹಾಕಿಸಿಕೊಳ್ಳಲು ಮೊದಲು ಬಂದಳು. ಮುನ್ನಿಬೀ ಕೊಯ್ದಳು, ಸುಲ್ತಾನಸಾಬ ಕಣ್ಣು ಮುಚ್ಚಿ ಕೇಳಿದ. ಆಮೇಲೆ ದೇವರ ಪಟಗಳು ಬಂದವು, ಮದುವೆಯ ಫೋಟೋಗಳು ಬಂದವು. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನದ ಮೇಲೆ ಅಂಗಡಿ ಎಂದಾಯಿತು. ಗಾಜು ಎತ್ತುವಾಗ ಈಗ ಹಿಂದಿನ ತುದಿಯಲ್ಲಿ ಸುಲ್ತಾನಸಾಬ ಇರುತ್ತಾನೆ. ಅವಳು ನಿಂತರೆ ನಿಲ್ಲುತ್ತಾನೆ, ನಡೆದರೆ ನಡೆಯುತ್ತಾನೆ. ಅದು ಅಷ್ಟು ಸುಲಭವಲ್ಲವೆಂದು ಅವನಿಗೆ ಈಗ ಗೊತ್ತಾಗಿದೆ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಅವಳನ್ನು ಕೇಳಿದ. ಬಹಳ ದಿನದಿಂದ ಕೇಳಬೇಕೆಂದು ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಅದು.

"ಇನ್ನೇನರ ಬೇಕಾಗಿತ್ತೇನು ನಿನಗ? ನಾ ಕೇಳದ ಬಿಟ್ಟಿದ್ದು?"

ಮುನ್ನಿಬೀ ಫ್ರೇಮು ಒರೆಸುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು. ಸುರಪುರಕ್ಕೆ ಮಗಳ ಮನೆಗೆ ಹೋಗಬೇಕು ಎಂದಳು. ಹೋದಾಗಲೆಲ್ಲ ರೊಟ್ಟಿ ಬಡಿದು, ಬಟ್ಟೆ ಒಗೆದು ಬರುವುದೇ ಆಗಿದೆ. ಈ ಸಲ ಒಂದು ಕೆಲಸವನ್ನೂ ಮುಟ್ಟದೆ, ಗುಡ್ಡಿ ಹಾಕಿದ್ದನ್ನು ಉಂಡು, ಗಂಡನ ಜೊತೆ ಸುಮ್ಮನೆ ಕುಳಿತು ಬರಬೇಕು.

ಶುಕ್ರವಾರದ ನಮಾಜು ಮುಗಿಸಿ ಬಂದ ಸುಲ್ತಾನಸಾಬ ಅಂಗಡಿಗೆ ಕೀಲಿ ಹಾಕಿದ. ಮೀನುಗಳಿಗೆ ಕಾಳು ಹಾಕಲು ಮಲ್ಲಿಕಮ್ಮನಿಗೆ ಎರಡೆರಡು ಸಲ ಹೇಳಿದ, ಒಂದು ಚಿಟಿಕೆಗಿಂತ ಹೆಚ್ಚು ಬೇಡವೆಂದು ಮುನ್ನಿಬೀ ಮೂರನೆಯ ಸಲ ಹೇಳಿದಳು. ಸುರಪುರದ ಬಸ್ಸಿನಲ್ಲಿ ಗದ್ದಲವಿತ್ತು. ಹೇಗೋ ಎರಡು ಸೀಟು ಸಿಕ್ಕವು. ಅವನು ಕಿಟಕಿಯ ಕಡೆಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟು, ಚೀಲವನ್ನು ತನ್ನ ಕಾಲಬಳಿ ಇಟ್ಟುಕೊಂಡ. ಬಸ್ಸು ಕಾಲುವೆಯ ಸೇತುವೆ ದಾಟುವಾಗ ನೀರು ತುಂಬಿ ಹರಿಯುತ್ತಿತ್ತು. ಮುನ್ನಿಬೀ ಕತ್ತು ಹೊರಳಿಸಿ, ಅದು ಮರೆಯಾಗುವವರೆಗೂ ನೋಡುತ್ತಿದ್ದಳು.